ರಾಮನ ಪಾಲೆಷ್ಟು, ಇಸವಿಯ ಪಾಲೆಷ್ಟು?

ತಾತ ತೀರಿಕೊಂಡು ವರ್ಷವಾದ ಮೇಲೆ ಅವರ ಟ್ರಂಕು ತೆಗೆದಾಗ ತಳದಲ್ಲಿ ಒಂದು ಹಳೇ ಹಾರ್ಲಿಕ್ಸ್ ಬಾಟಲಿ ಸಿಕ್ಕಿತು. ತುಂಬ ಚಿಲ್ಲರೆ. "ನಾಣ್ಯದ ಹುಚ್ಚು ಇರೋದು ನಿನಗೇ ತಾನೆ, ತಗೊಂಡು ಹೋಗು" ಅಂತ ಚಿಕ್ಕಪ್ಪ ಅದನ್ನ ನನ್ನ ಕೈಗಿಟ್ಟರು. ಅರಸೀಕೆರೆಯಿಂದ ಬೆಂಗಳೂರಿನವರೆಗೆ ರೈಲಿನಲ್ಲಿ ಅದು ಬ್ಯಾಗಿನೊಳಗೆ ಗಿಲಕಿಯ ಹಾಗೆ ಸದ್ದು ಮಾಡಿಕೊಂಡೇ ಬಂತು.

ಮನೆಗೆ ಬಂದು ಪೇಪರಿನ ಮೇಲೆ ಸುರುವಿದೆ. 1943ರಿಂದ 47ರವರೆಗಿನ ತೂತು ಕಾಸುಗಳು ಒಂದು ಹಿಡಿ. ಆರನೇ ಜಾರ್ಜ್ ದೊರೆಯ ತಲೆಯಿರುವ ಎರಡಾಣೆಗಳು. 1835ರ ಕಂಪನಿ ಕಾಲದ ಒಂದು ಕಾಲಾಣೆ. ಎಲ್ಲಾ ಪರಿಚಿತ ಮುಖಗಳೇ. ಕೊನೆಗೆ ಬಾಟಲಿಯ ತಳದಿಂದ ಕೆಂಪು ಬಟ್ಟೆಯ ಪುಟ್ಟ ಗಂಟೊಂದು ಬಿತ್ತು. ಬಿಚ್ಚಿದರೆ ಹಳೇ ಒಂದು ರೂಪಾಯಿಯಷ್ಟು ಅಗಲದ, ಬೆಳ್ಳಿ ಬಣ್ಣದ ಬಿಲ್ಲೆ. ಒಂದು ಕಡೆ ರಾಮಪಟ್ಟಾಭಿಷೇಕ: ಸಿಂಹಾಸನದ ಮೇಲೆ ರಾಮ-ಸೀತೆ, ಪಕ್ಕದಲ್ಲಿ ತಮ್ಮಂದಿರು, ಮೇಲೊಂದು ಛತ್ರಿ, ಕಾಲ ಬಳಿ ಹನುಮಂತ. ಇನ್ನೊಂದು ಕಡೆ ಬಿಲ್ಲು ಹಿಡಿದು ನಿಂತ ರಾಮ-ಲಕ್ಷ್ಮಣರು, ಸುತ್ತಲೂ ಸವೆದ ನಾಗರಿ ಅಕ್ಷರ, ಕೆಳಗೆ ನಾಗರಿಯಲ್ಲೇ 1740 ಎಂಬ ಅಂಕಿ. ಗೀರುಗಳ ಸಂದಿಯಲ್ಲೆಲ್ಲ ಒಣಗಿದ ಕುಂಕುಮ.

ಏನಿದು ಅಂತ ನನಗೆ ತಕ್ಷಣ ಗೊತ್ತಾಗಲಿಲ್ಲ. ಹತ್ತು ವರ್ಷದಿಂದ ನಾಣ್ಯ ಕೂಡಿಸ್ತಿರೋ ಮನುಷ್ಯನಿಗೆ ಅದೊಂದು ಅವಮಾನ. ಫೋಟೋ ತೆಗೆದು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿ, "ತಾತನಿಗೆ ಇದು ಎಲ್ಲಿ ಸಿಕ್ಕಿತ್ತು, ಯಾರಿಗಾದ್ರೂ ಗೊತ್ತಾ?" ಅಂತ ಕೇಳಿದೆ. ಮುಂದಿನ ರಗಳೆಗೆಲ್ಲ ಮೂಲ ಆ ಒಂದು ಪ್ರಶ್ನೆ.

ನಮ್ಮಲ್ಲಿ ನಾಣ್ಯದ ಮೇಲೆ ದೇವರಿರುವುದು ಹೊಸತೇನಲ್ಲ. ಕೃಷ್ಣದೇವರಾಯನ ಚಿನ್ನದ ವರಾಹದ ಮೇಲೆ ಬಾಲಕೃಷ್ಣ ಕೂತಿದ್ದಾನೆ. ಮೈಸೂರಿನ ಕಂಠೀರವ ನರಸರಾಜ ಒಡೆಯರ ಪುಟಾಣಿ ಹಣದ ಮೇಲೆ ನರಸಿಂಹನಿದ್ದಾನೆ. ಇಕ್ಕೇರಿಯ ವರಾಹದ ಮೇಲಿದ್ದ ಶಿವ-ಪಾರ್ವತಿಯರನ್ನು ಹೈದರಾಲಿ ಹಾಗೇ ಉಳಿಸಿಕೊಂಡು, ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲ ಪರ್ಷಿಯನ್ ಅಕ್ಷರವೊಂದನ್ನು ಒತ್ತಿಸಿದ. ಅಕ್ಬರ್ ತನ್ನ ಕೊನೆಯ ವರ್ಷಗಳಲ್ಲಿ ರಾಮ-ಸೀತೆಯರ ಚಿತ್ರವಿರುವ ನಾಣ್ಯವನ್ನೇ ಹೊರಡಿಸಿದ್ದ, ನಾಗರಿಯಲ್ಲಿ ಅವರ ಹೆಸರಿನ ಸಮೇತ. ಹಾಗಾಗಿ ದೇವರ ಚಿತ್ರ ನೋಡಿದ ಕೂಡಲೇ 'ಇದು ನಾಣ್ಯ ಅಲ್ಲ' ಅನ್ನೋ ಹಾಗಿಲ್ಲ. ನೋಡಬೇಕಾದ್ದು ಏನಿಲ್ಲ ಅನ್ನೋದನ್ನ. ನನ್ನ ಬಿಲ್ಲೆಯ ಮೇಲೆ ಯಾವ ರಾಜನ ಹೆಸರೂ ಇಲ್ಲ, ಟಂಕಸಾಲೆಯ ಗುರುತೂ ಇಲ್ಲ, ಇಷ್ಟು ಆಣೆ, ಇಷ್ಟು ಕಾಸು ಅನ್ನುವ ಬೆಲೆಯೂ ಇಲ್ಲ.

ಮುಂದಿನದು ಲೋಹ. ಒಡವೆ ತೂಗುವ ಸಣ್ಣ ತಕ್ಕಡಿಯಲ್ಲಿ 11.4 ಗ್ರಾಂ ಬಂತು. ನೀರು ತುಂಬಿದ ಲೋಟವನ್ನು ತಕ್ಕಡಿಯ ಮೇಲಿಟ್ಟು, ಅಂಕಿಯನ್ನು ಸೊನ್ನೆ ಮಾಡಿ, ಬಿಲ್ಲೆಯನ್ನು ದಾರದಲ್ಲಿ ಕಟ್ಟಿ ತಳ ಮುಟ್ಟದ ಹಾಗೆ ಮುಳುಗಿಸಿದೆ. ತಕ್ಕಡಿ 1.33 ತೋರಿಸಿತು. ಭಾಗಿಸಿದರೆ ಹತ್ತಿರ ಹತ್ತಿರ 8.6. ಬೆಳ್ಳಿಯಾಗಿದ್ದರೆ 10.5ರ ಸುತ್ತಮುತ್ತ ಬರಬೇಕಿತ್ತು. ಅಂಚಿನಲ್ಲಿ ಸವೆದ ಜಾಗವನ್ನು ಭೂತಗನ್ನಡಿಯಲ್ಲಿ ನೋಡಿದಾಗ ಒಳಗಿನ ಹಳದಿ ಕಂಡಿತು. ಹಿತ್ತಾಳೆ, ಮೇಲೆ ಬೆಳ್ಳಿಯ ಲೇಪ.

ಅಲ್ಲಿಗೆ ಗುರುತು ಸಿಕ್ಕಿತು. ಇದು ರಾಮಟಂಕ. ಇಂಗ್ಲಿಷಿನಲ್ಲಿ ಟೆಂಪಲ್ ಟೋಕನ್ ಅಂತಾರೆ. ದೇವಸ್ಥಾನದ ಸುತ್ತಮುತ್ತ, ಯಾತ್ರಾಸ್ಥಳಗಳಲ್ಲಿ ಭಕ್ತರಿಗಾಗಿ ಮಾಡಿದ್ದು. ಪೂಜೆಗೆ ಇಡ್ತಾರೆ, ತಿಜೋರಿಯಲ್ಲಿ ಇಡ್ತಾರೆ, ಮದುವೆ-ಮುಂಜಿಯಲ್ಲಿ ಉಡುಗೊರೆಯಾಗಿ ಕೊಡ್ತಾರೆ. ಚಿನ್ನದಲ್ಲಿ ಮಾಡಿದ ಹಳೆಯವು ಇವೆ, ಬೆಳ್ಳಿಯವಿವೆ, ಹಿತ್ತಾಳೆಯವು ಲೆಕ್ಕವಿಲ್ಲದಷ್ಟಿವೆ. ಇವತ್ತಿಗೂ ಮಾಡ್ತಾರೆ. ಅದರ ಮೇಲಿನ ಇಸವಿಯನ್ನು ಮಾತ್ರ ನಂಬುವ ಹಾಗಿಲ್ಲ. 1740 ಅನ್ನೋದನ್ನ ಕ್ರಿಸ್ತಶಕ ಅಂತಲೂ ಓದಬಹುದು, ವಿಕ್ರಮ ಸಂವತ್ ಅಂತ 57 ಕಳೆದು 1683 ಅಂತಲೂ ಓದಬಹುದು. ಎರಡೂ ಸುಳ್ಳೇ. ಹಳೆಯ ಅಚ್ಚಿನ ಅಂಕಿಯನ್ನು ಹೊಸ ಅಚ್ಚಿಗೆ, ಅದರಿಂದ ಇನ್ನೊಂದಕ್ಕೆ ಇಳಿಸಿಕೊಂಡು ಬಂದಿರ್ತಾರೆ. ಅಕ್ಷರಗಳೂ ಹಾಗೇ ಸವೆದು ಸವೆದು ಅರ್ಧ ಗೀಟಾಗಿರ್ತವೆ.

ಹಾಗಾದ್ರೆ ಇದು ನಕಲಿಯಾ? ಆ ರಾತ್ರಿ ಇದೇ ಯೋಚನೆ. ನಕಲಿ ಅಂದರೆ ತಾನಲ್ಲದ್ದನ್ನು ತಾನು ಅಂತ ಹೇಳಿಕೊಳ್ಳುವುದು. ಮಾರ್ಕೆಟ್ಟಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಹೆಸರು, 1616, 1717 ಅಥವಾ 1818 ಎಂಬ ಇಸವಿ, 'ಹಾಫ್ ಆಣಾ' ಎಂಬ ಬೆಲೆ, ಮೇಲೊಬ್ಬ ಹನುಮಂತ ಇರುವ ತಾಮ್ರದ ಬಿಲ್ಲೆಗಳು ಸಿಗ್ತವಲ್ಲ, ಅವು ನಕಲಿ. 1616ರಲ್ಲಿ ಇಂಗ್ಲೆಂಡಿನ ರಾಯಭಾರಿ ಥಾಮಸ್ ರೋ ಜಹಾಂಗೀರನ ಆಸ್ಥಾನದಲ್ಲಿ ವ್ಯಾಪಾರದ ಅನುಮತಿಗೆ ಕಾಯುತ್ತಿದ್ದ. ಹನುಮಂತನ ಆಣೆ ಅಚ್ಚು ಹಾಕಿಸೋ ಸ್ಥಿತಿಯಲ್ಲಿ ಕಂಪನಿ ಇರಲಿಲ್ಲ. ಕಂಪನಿಯ ಆಳ್ವಿಕೆಗೆಲ್ಲ ಒಂದೇ ಥರದ ನಾಣ್ಯ ಬಂದದ್ದೇ 1835ರಲ್ಲಿ. ಅವುಗಳ ಅರ್ಧಾಣೆ, ಕಾಲಾಣೆಯ ಮೇಲಿರೋದು ಕಂಪನಿಯ ಲಾಂಛನ, ದೇವರಲ್ಲ. ಈ ನಕಲಿಗಳನ್ನೇ ಅಕ್ಕಿ ಕಾಳು ಎಳೆಯುವ 'ರೈಸ್ ಪುಲ್ಲರ್' ಅಂತ ಲಕ್ಷಗಟ್ಟಲೆಗೆ ಮಾರಿ ಮೋಸ ಮಾಡಿ ಸಿಕ್ಕಿಬಿದ್ದವರ ಸುದ್ದಿ ನೀವೂ ಓದಿರ್ತೀರ.

ತಾತನ ಬಿಲ್ಲೆ ಹಾಗಲ್ಲ. ಅದು ನಾನು ದುಡ್ಡು ಅಂತ ಹೇಳಿಕೊಂಡಿಲ್ಲ. ಯಾವ ರಾಜನ ಹೆಸರನ್ನೂ ಕದ್ದಿಲ್ಲ. ಇಸವಿಯೊಂದು ಇದೆ, ಆದರೆ ಮಾಡಿದವನು, ಮಾರಿದವನು, ಕೊಂಡವನು ಮೂವರೂ ಅದನ್ನ ಓದಿರಲಿಕ್ಕಿಲ್ಲ. ಅಲ್ಲಿಯವರೆಗೆ ಅದು ಹೂಬಳ್ಳಿಯಂಥ ಒಂದು ಅಲಂಕಾರ. ಯಾರೋ ಒಬ್ಬ ಅದನ್ನ ಓದಿ, ಬೆಲೆ ಕಟ್ಟಿದಾಗ ಮಾತ್ರ ಅದು ಸುಳ್ಳಾಗುತ್ತೆ.

ನಮ್ಮ ಮನೆಯಲ್ಲಿ ಅದನ್ನ ಓದಿದ್ದು ಚಿಕ್ಕಪ್ಪ.

"ಮುನ್ನೂರು ವರ್ಷದ್ದು ಕಣೋ! ಯೂಟ್ಯೂಬಲ್ಲಿ ನೋಡ್ದೆ. ಐದು ಲಕ್ಷ ಅಂತಾನೆ ಒಬ್ಬ. ನಂಬರ್ ಕೊಟ್ಟಿದ್ದ, ಮಾತಾಡ್ದೆ. ರಿಜಿಸ್ಟ್ರೇಷನ್‌ಗೆ ಹನ್ನೆರಡೂವರೆ ಸಾವಿರ ಕಟ್ಟಬೇಕಂತೆ, ರಿಸರ್ವ್ ಬ್ಯಾಂಕ್ ರೂಲ್ ಅಂತೆ."

ಇದನ್ನ ನಿಲ್ಲಿಸೋದು ಸುಲಭವಾಗಿತ್ತು. ರಿಸರ್ವ್ ಬ್ಯಾಂಕ್ 2021ರ ಆಗಸ್ಟಿನಲ್ಲೇ ಎಚ್ಚರಿಕೆ ಕೊಟ್ಟಿದೆ: ಹಳೇ ನಾಣ್ಯ-ನೋಟಿನ ವ್ಯವಹಾರ ನಾವು ಮಾಡುವುದಿಲ್ಲ, ಅದಕ್ಕೆ ಶುಲ್ಕ, ಕಮಿಷನ್ ಯಾವುದನ್ನೂ ಕೇಳುವುದಿಲ್ಲ, ಹಾಗಂತ ಯಾರಿಗೂ ಅಧಿಕಾರ ಕೊಟ್ಟಿಲ್ಲ ಅಂತ. ಅದನ್ನ ಕಳಿಸಿದೆ. ನಲವತ್ತು ನಿಮಿಷ ಫೋನಲ್ಲಿ ಮಾತಾಡಿ ದುಡ್ಡು ಉಳಿಸಿದೆ. ಅವತ್ತು ನನ್ನ ಬಗ್ಗೆ ನನಗೇ ಬಹಳ ಒಳ್ಳೆ ಅಭಿಪ್ರಾಯ ಬಂತು.

ಎರಡು ವಾರ ಬಿಟ್ಟು ಚಿಕ್ಕಪ್ಪ ಮತ್ತೆ ಫೋನ್ ಮಾಡಿದರು. ಈ ಸಲ ದನಿ ತಗ್ಗಿತ್ತು.

"ನಮ್ಮ ಬೀದೀಲಿ ಮೇಷ್ಟ್ರು ಇದಾರಲ್ಲ, ರಿಟೈರ್ಡು. ರಾಮನ ಭಕ್ತರು. ಫೋಟೋ ತೋರಿಸ್ದೆ, ಕಣ್ಣಿಗೆ ಒತ್ಕೊಂಡ್ರು. ನಲವತ್ತು ಸಾವಿರ ಕೊಡ್ತೀನಿ ಅಂದಿದಾರೆ. ನಾನು ಕೇಳಿಲ್ಲ ಕಣೋ, ಅವರೇ ಅಂದಿದ್ದು. ಅವಳ ಫೀಸಿಗೆ ಇನ್ನೂ ಅಷ್ಟೇ ಕಮ್ಮಿ ಬಿದ್ದಿರೋದು."

ಅವಳು ಅಂದರೆ ಅವರ ಮಗಳು, ನನ್ನ ತಂಗಿ. ಎಂಜಿನಿಯರಿಂಗ್ ಸೀಟು ಸಿಕ್ಕಿತ್ತು. ಚಿಕ್ಕಪ್ಪನ ಅಂಗಡಿ ಕೋವಿಡ್ ಆದಮೇಲೆ ಸರಿಯಾಗಿ ಎದ್ದಿಲ್ಲ ಅನ್ನೋದು ನನಗೂ ಗೊತ್ತಿತ್ತು.

"ಅದು ಹಿತ್ತಾಳೆ, ಚಿಕ್ಕಪ್ಪ. ನಿಮಗೆ ಹೇಳಿದ್ನಲ್ಲ."

"ಹೇಳ್ದೆ. ನಾನು ಬೆಳ್ಳಿ ಅಂತ ಎಲ್ಲಿ ಅಂದೆ? ಹಳೇದು ಅಂತಾನೂ ಅನ್ನಲಿಲ್ಲ. ಅವರೇ ಇಸವಿ ಓದ್ಕೊಂಡ್ರು. ಅವರು ಅದನ್ನ ಮಾರ್ತಾರಾ? ದೇವರ ಮನೇಲಿಟ್ಟು ಪೂಜೆ ಮಾಡ್ತಾರೆ. ಅವರಿಗೆ ಸಂತೋಷ, ಇವಳಿಗೆ ಓದು. ಯಾರಿಗೆ ನಷ್ಟ ಹೇಳು?"

ಯಾರಿಗೆ ನಷ್ಟ? ಆಫೀಸಿಗೆ ಹೋಗುವ ಮೆಟ್ರೋದಲ್ಲಿ ಮೂರು ದಿನ ಈ ಪ್ರಶ್ನೆ ಹೊತ್ತುಕೊಂಡು ಓಡಾಡಿದೆ. ಸುಲಭದ ಪ್ರಶ್ನೆ ಅಲ್ಲ ಅದು. ಮೇಷ್ಟ್ರ ಭಕ್ತಿ ನಿಜ, ಬಿಲ್ಲೆಯ ಮೇಲಿನ ರಾಮನೂ ರಾಮನೇ. ನಾನು ಬಾಯಿ ಮುಚ್ಚಿಕೊಂಡು ಕೂತರೆ ಮೂರು ಜನಕ್ಕೆ ಒಳ್ಳೇದಾಗುತ್ತೆ. ಬಾಯಿ ಬಿಟ್ಟರೆ ಒಬ್ಬ ಮುದುಕರ ಸಂತೋಷ, ಒಬ್ಬ ಹುಡುಗಿಯ ಫೀಸು, ಒಬ್ಬ ಚಿಕ್ಕಪ್ಪನ ಮರ್ಯಾದೆ ಮೂರೂ ಹಾಳು.

ಎರಡು ಸಾವಿರ ವರ್ಷದ ಹಿಂದೆ ಇದೇ ಪ್ರಶ್ನೆ ಕೇಳಿದವನೊಬ್ಬ ಇದ್ದಾನೆ. ರೋಮಿನ ಸಿಸೆರೊ. ಕ್ರಿಸ್ತಪೂರ್ವ 44ರಲ್ಲಿ, ಅಥೆನ್ಸಿನಲ್ಲಿ ಓದುತ್ತಿದ್ದ ಮಗನಿಗಾಗಿ ಕರ್ತವ್ಯಗಳ ಬಗ್ಗೆ ಒಂದು ಪುಸ್ತಕ ಬರೆದ. ಅದರಲ್ಲೊಂದು ಕತೆ. ರೋಡ್ಸ್ ದ್ವೀಪದಲ್ಲಿ ಬರ, ಧಾನ್ಯಕ್ಕೆ ಬೆಂಕಿ ರೇಟು. ಒಬ್ಬ ವ್ಯಾಪಾರಿ ಅಲೆಗ್ಸಾಂಡ್ರಿಯಾದಿಂದ ಹಡಗು ತುಂಬ ಧಾನ್ಯ ತಂದಿದ್ದಾನೆ. ಹಿಂದೆ ಇನ್ನೂ ಸುಮಾರು ಹಡಗು ಬರ್ತಿವೆ ಅನ್ನೋದು ಅವನಿಗೆ ಗೊತ್ತು, ಊರಿನವರಿಗೆ ಗೊತ್ತಿಲ್ಲ. ಅವನು ಅದನ್ನ ಹೇಳಬೇಕಾ? ಡಯೋಜಿನಿಸ್ ಎಂಬ ತತ್ವಜ್ಞಾನಿ ಹೇಳಬೇಕಿಲ್ಲ ಅಂದ. ಸುಳ್ಳು ಹೇಳದೇ ಇದ್ದರೆ ಸಾಕು, ಸುಮ್ಮನಿರೋದು ಬೇರೆ, ಮುಚ್ಚಿಡೋದು ಬೇರೆ. ಅವನ ಶಿಷ್ಯ ಆಂಟಿಪೇಟರ್ ಒಪ್ಪಲಿಲ್ಲ. ಮಾರುವವನಿಗೆ ಗೊತ್ತಿರೋದೆಲ್ಲ ಕೊಳ್ಳುವವನಿಗೂ ಗೊತ್ತಿರಬೇಕು ಅಂದ. ಸಿಸೆರೊ ನಿಲ್ಲೋದು ಹೇಳಬೇಕು ಅನ್ನುವವರ ಕಡೆ.

ನಮ್ಮ ಚಿಕ್ಕಪ್ಪ ಅರಸೀಕೆರೆಯ ಡಯೋಜಿನಿಸ್. ನಾನು ಆಂಟಿಪೇಟರ್ ಅಂತ ಎದೆ ಸೆಟೆಸಿಕೊಂಡು ಓದ್ತಾ ಹೋದೆ. ಅದೇ ಪುಸ್ತಕದಲ್ಲಿ ಸ್ವಲ್ಪ ಮುಂದೆ ಇನ್ನೊಂದು ಪ್ರಶ್ನೆ ಬರುತ್ತೆ. ಒಬ್ಬ ಚಿನ್ನವನ್ನು ಹಿತ್ತಾಳೆ ಅಂದುಕೊಂಡು ಮಾರ್ತಿದ್ದಾನೆ. ಕೊಳ್ಳೋಕೆ ಬಂದ ಒಳ್ಳೆ ಮನುಷ್ಯ, ಇದು ಚಿನ್ನ ಕಣಪ್ಪ ಅಂತ ಹೇಳಬೇಕಾ, ಅಥವಾ ಸಾವಿರದ ವಸ್ತುವನ್ನ ಒಂದು ಕಾಸಿಗೆ ಕೊಂಡು ಹೋಗಬಹುದಾ?

ಪುಸ್ತಕ ಮುಚ್ಚಿಟ್ಟೆ.

ಯಾಕೆ ಅಂದರೆ, ಎಂಟು ವರ್ಷದ ಹಿಂದೆ ಬೆಂಗಳೂರಿನ ಸಂಡೇ ಬಜಾರಿನಲ್ಲಿ ಒಬ್ಬ ಅಜ್ಜಿ ಹಳೇ ಬೀಗ, ಸ್ಪ್ಯಾನರು, ಒಡೆದ ಗಡಿಯಾರಗಳ ಮಧ್ಯೆ ಒಂದು ತಟ್ಟೆಯಲ್ಲಿ ಚಿಲ್ಲರೆ ಹರವಿಕೊಂಡು ಕೂತಿದ್ದರು. ಮೂಲೆಯಲ್ಲಿ ಕೊತ್ತಂಬರಿ ಬೀಜಕ್ಕಿಂತ ಸ್ವಲ್ಪ ದೊಡ್ಡದಾದ ಹಳದಿ ಚೂರು. ಕೈಗೆತ್ತಿಕೊಂಡ ತಕ್ಷಣ ಗೊತ್ತಾಯಿತು: ಕಂಠೀರವ ಹಣ. ಚಿನ್ನ, ಅರ್ಧ ಗ್ರಾಂ ಕೂಡ ಇಲ್ಲದಿದ್ದರೂ ಚಿನ್ನವೇ. "ಅದಾ? ಯಾವ್ದೋ ಸರದಿಂದ ಉದುರಿದ ಹಿತ್ತಾಳೆ ಗುಂಡು ಕಣಪ್ಪ, ಐವತ್ತು ಕೊಡು" ಅಂದರು. ಕೊಟ್ಟೆ. ಚೌಕಾಸಿ ಕೂಡ ಮಾಡಲಿಲ್ಲ. ಆಗ ಅದನ್ನೇ ದೊಡ್ಡ ಉಪಕಾರ ಅಂದುಕೊಂಡಿದ್ದೆ. ಅದರ ಬೆಲೆ ಆಗ ಎರಡೂವರೆ ಸಾವಿರಕ್ಕೆ ಕಮ್ಮಿ ಇರಲಿಲ್ಲ. ಈ ಕತೆಯನ್ನ ನಾಣ್ಯದ ಗೆಳೆಯರ ಹತ್ತಿರ ಎಷ್ಟು ಸಲ ಹೇಳಿದ್ದೀನೋ. ಪ್ರತಿ ಸಲ ಅವರು ಬೆನ್ನು ತಟ್ಟಿದ್ದಾರೆ. ನಮ್ಮ ಹವ್ಯಾಸದಲ್ಲಿ ಇದಕ್ಕೆ ಕಣ್ಣು ಪಳಗೋದು ಅಂತಾರೆ.

ಆ ಅಜ್ಜಿಗೆ ನಾನೂ ಸುಳ್ಳು ಹೇಳಿರಲಿಲ್ಲ. ಅವರೇ ಹಿತ್ತಾಳೆ ಅಂದುಕೊಂಡರು, ಚಿಕ್ಕಪ್ಪನ ಮೇಷ್ಟ್ರು ತಾವೇ ಇಸವಿ ಓದಿಕೊಂಡ ಹಾಗೆ.

ಇಷ್ಟಾದ ಮೇಲೆ ಚಿಕ್ಕಪ್ಪನಿಗೆ ಉಪದೇಶ ಮಾಡೋ ಯೋಗ್ಯತೆ ನನಗಿದೆಯಾ? ಇಲ್ಲ ಅಂತಲೇ ಅನಿಸಿತು. ಆದರೆ ನನಗೆ ಯೋಗ್ಯತೆ ಇಲ್ಲ ಅನ್ನೋದು ಮೇಷ್ಟ್ರಿಗೆ ಆಗುವ ಮೋಸಕ್ಕೆ ಉತ್ತರ ಆಗಲ್ಲವಲ್ಲ. ಹಾಗಾಗಿ ಲೆಕ್ಕ ಹಾಕೋಕೆ ಕೂತೆ. ಚಿಕ್ಕಪೇಟೆಯ ಪೂಜಾ ಸಾಮಗ್ರಿ ಅಂಗಡಿಯೊಂದರಲ್ಲಿ ಕೇಳಿದೆ. ಇಂಥದ್ದೇ ಬಿಲ್ಲೆ, ಹೊಸತು, ಇನ್ನೂರೈವತ್ತು ರೂಪಾಯಿ. ಅದರಲ್ಲೂ ಇದೇ ರಾಮ, ಇದೇ ಸೀತೆ, ಅದೇ ಹನುಮಂತ. ಹಾಗಾದರೆ ಮೇಷ್ಟ್ರು ಕೊಡೋ ನಲವತ್ತು ಸಾವಿರದಲ್ಲಿ ರಾಮನ ಪಾಲು ಎಷ್ಟು, ಇಸವಿಯ ಪಾಲು ಎಷ್ಟು? ರಾಮನಿಗೆ ಇನ್ನೂರೈವತ್ತು. ಮಿಕ್ಕ ಮೂವತ್ತೊಂಬತ್ತು ಸಾವಿರದ ಏಳುನೂರೈವತ್ತೂ ಆ ನಾಲ್ಕು ಅಂಕಿಗೆ. ಅವರ ಭಕ್ತಿಗೆ ಹಳೇತನದ ಅಗತ್ಯ ಇಲ್ಲ. ಹಳೇತನ ಬೇಕಿರೋದು ನಮ್ಮ ರೇಟಿಗೆ. 'ಅವರಿಗೆ ಭಕ್ತಿ ಇದೆ, ನಷ್ಟ ಏನು' ಅನ್ನೋ ಮಾತು ಕೇಳೋಕೆ ಭಕ್ತಿಗೆ ಕೊಟ್ಟ ಗೌರವದ ಹಾಗಿದೆ. ಆದರೆ ಅಲ್ಲಿ ನಾವು ಮಾಡ್ತಿರೋದು ಭಕ್ತಿಯನ್ನ ಹಿಡಿಕೆ ಮಾಡಿಕೊಂಡು ಜೇಬು ತೆಗೆಯೋ ಕೆಲಸ.

ಆ ಶನಿವಾರ ಊರಿಗೆ ಹೋದೆ. ಮೇಷ್ಟ್ರ ಮನೆಗೆ ಹೋಗೋಕೆ ಮುಂಚೆ ಅಜ್ಜಿಯ ಹತ್ತಿರ ಕೂತೆ. ಅಜ್ಜಿಗೆ ವಾಟ್ಸಾಪ್ ಇಲ್ಲ. ಹಾಗಾಗಿ ಇಷ್ಟು ದಿನ ಯಾರೂ ಅವರನ್ನ ಕೇಳಿರಲೇ ಇಲ್ಲ. ಬಿಲ್ಲೆ ಕೈಗೆ ಕೊಟ್ಟೆ. ಸವರಿ ನೋಡಿದರು.

"ಇದಾ, ನಿಮ್ ತಾತಂಗೆ ರೈಲ್ವೆ ಪಾಸ್ ಇತ್ತಲ್ಲ, ರಾಮೇಶ್ವರಕ್ಕೆ ಹೋಗಿದ್ವಿ. ನಿಮ್ಮಪ್ಪ ಹೊಟ್ಟೇಲಿದ್ದ. ದೇವಸ್ಥಾನದ ಹತ್ರ ಅಂಗಡೀಲಿ ತಗೊಂಡ್ರು, ಎರಡು ರೂಪಾಯೋ ಮೂರೋ. ಆಮೇಲೆ ಧನುಷ್ಕೋಟಿಗೆ ಹೋದ್ವಿ. ಆವಾಗಿನ್ನೂ ಅಲ್ಲಿಗೆ ರೈಲಿತ್ತು. ಮುಂದಿನ ವರ್ಷವೇ ಸಮುದ್ರ ನುಗ್ತು ಅಂತ ಪೇಪರ್ನಲ್ಲಿ ಬಂತು."

ಧನುಷ್ಕೋಟಿಯನ್ನು ಚಂಡಮಾರುತ ನುಂಗಿದ್ದು 1964ರ ಡಿಸೆಂಬರಿನಲ್ಲಿ. ರೈಲು ಹಳಿ, ನಿಲ್ದಾಣ, ಊರು ಎಲ್ಲಾ ಹೋಯಿತು. ಅಂದರೆ ಬಿಲ್ಲೆ ನಮ್ಮ ಮನೆಗೆ ಬಂದದ್ದು 1963ರಲ್ಲಿ. ತಕ್ಕಡಿ, ಲೋಟ, ಭೂತಗನ್ನಡಿ ಯಾವುದೂ ಕೊಡದ ಇಸವಿಯನ್ನ ಅಜ್ಜಿ ಒಂದು ನಿಮಿಷದಲ್ಲಿ ಕೊಟ್ಟರು.

ಚಿಕ್ಕಪ್ಪನನ್ನೂ ಕರೆದುಕೊಂಡೇ ಮೇಷ್ಟ್ರ ಮನೆಗೆ ಹೋದೆ. ಅವರಿಗೆ ಗೊತ್ತಾಗದ ಹಾಗೆ ಹೋಗಿ ಹೇಳುವುದು ಇನ್ನೊಂದು ಥರದ ಮೋಸ ಅನಿಸಿತ್ತು. ದಾರಿಯುದ್ದಕ್ಕೂ ಅವರು ಮಾತಾಡಲಿಲ್ಲ. ಮೇಷ್ಟ್ರು ಕಾಫಿ ಕೊಡಿಸಿದರು. ಎಲ್ಲಾ ಹೇಳಿದೆ: ಹಿತ್ತಾಳೆ, ಅಂಗಡಿಯಲ್ಲಿ ಕೊಂಡದ್ದು, ಇಸವಿ ಸುಳ್ಳು, ಇಂಥದ್ದು ಇನ್ನೂರೈವತ್ತಕ್ಕೆ ಸಿಗುತ್ತೆ. ಅವರು ಬಿಲ್ಲೆಯನ್ನ ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ಬೇಜಾರಾಗಿದ್ದು ಮುಖದಲ್ಲೇ ಕಾಣ್ತಿತ್ತು. ಆಮೇಲೆ ಚಿಕ್ಕಪ್ಪನ ಕಡೆ ತಿರುಗಿ ಕೇಳಿದರು:

"ನಿಮ್ಮ ತಂದೆ ಇದನ್ನ ಪೂಜೆಗೆ ಇಟ್ಟಿದ್ರಾ?"

"ಹೂಂ ಸಾರ್. ಕೊನೇವರೆಗೂ."

"ಹಾಗಾದ್ರೆ ಹಿತ್ತಾಳೆ ಆಗಲಿ, ಬೆಳ್ಳಿ ಆಗಲಿ, ಇದನ್ನ ಯಾಕಪ್ಪ ಮಾರ್ತಿದ್ದೀಯ?"

ಚಿಕ್ಕಪ್ಪ ತಲೆ ತಗ್ಗಿಸಿದರು. ನನಗೆ ಆ ಪ್ರಶ್ನೆ ಇಷ್ಟವಾಗಲಿಲ್ಲ. ಮಗಳ ಫೀಸು ಕಟ್ಟಬೇಕಾದವನ ಹತ್ತಿರ ಅದನ್ನ ಕೇಳೋದು ಸುಲಭ. ಬಾಟಲಿಯನ್ನ ಆರಾಮಾಗಿ ಬ್ಯಾಗಿಗೆ ಹಾಕಿಕೊಂಡು ಬೆಂಗಳೂರಿಗೆ ಹೋದ ನನಗೆ ಸತ್ಯ ಹೇಳೋದೂ ಅಷ್ಟೇ ಸುಲಭವಾಗಿತ್ತು. ನಾನು ಸತ್ಯ ಹೇಳಿದೆ, ಅದರ ಬಿಲ್ಲು ಬಂದದ್ದು ಚಿಕ್ಕಪ್ಪನಿಗೆ. ಸಿಸೆರೊನ ಪುಸ್ತಕದಲ್ಲಿ ಈ ಲೆಕ್ಕ ನನಗೆ ಸಿಗಲಿಲ್ಲ. ಬೇರೆಯವರ ಖರ್ಚಿನಲ್ಲಿ ಪ್ರಾಮಾಣಿಕ ಆಗುವವನು ಆ ಖರ್ಚಿನಲ್ಲಿ ಪಾಲು ತಗೋಬೇಕು ಅನ್ನೋದು ನಾನು ಆ ಕಾಫಿ ಲೋಟದ ಮುಂದೆ ಕಲಿತದ್ದು. ವಾಪಸ್ ಬರುವ ದಾರಿಯಲ್ಲಿ ಅರ್ಧ ಫೀಸು ನಾನು ಹಾಕ್ತೀನಿ ಅಂದೆ. "ನಿನ್ನ ದುಡ್ಡು ಬೇಡ" ಅಂದರು. ಮೂರನೇ ದಿನ ತಂಗಿ ಸ್ವತಃ ಫೋನ್ ಮಾಡಿ ಅಕೌಂಟ್ ನಂಬರ್ ಕಳಿಸಿದಳು. ಮಿಕ್ಕರ್ಧಕ್ಕೆ ಚಿಕ್ಕಮ್ಮನ ಬಳೆ ಬ್ಯಾಂಕಿಗೆ ಹೋಯಿತು.

ಸಂಡೇ ಬಜಾರಿಗೂ ಹೋಗಿದ್ದೆ, ಎರಡು ಭಾನುವಾರ. ಆ ಅಜ್ಜಿ ಕೂರುತ್ತಿದ್ದ ಜಾಗದಲ್ಲಿ ಈಗ ಒಬ್ಬ ಹುಡುಗ ಮೊಬೈಲ್ ಕವರ್ ಮಾರ್ತಾನೆ. ಅವನಿಗೆ ಅವರ ವಿಷಯ ಗೊತ್ತಿಲ್ಲ. ಕಂಠೀರವ ಹಣ ನನ್ನ ಆಲ್ಬಮ್ಮಿನಲ್ಲೇ ಇದೆ. ಅದರ ಚೀಟಿಯ ಮೇಲೆ ಹಿಂದೆ 'ಅಪರೂಪದ ಶೋಧ' ಅಂತ ಬರೆದಿದ್ದೆ. ಅದನ್ನ ಹೊಡೆದುಹಾಕಿ, '50 ರೂಪಾಯಿಗೆ ತಂದದ್ದು, ಕೊಟ್ಟವರಿಗೆ ಗೊತ್ತಿರಲಿಲ್ಲ' ಅಂತ ಬರೆದಿದ್ದೇನೆ. ಆ ಕತೆ ಈಗ ಗೆಳೆಯರಿಗೆ ಹೇಳೋದಿಲ್ಲ.

ರಾಮಟಂಕ ಆಲ್ಬಮ್ಮಿಗೆ ಸೇರಲಿಲ್ಲ. ಅಜ್ಜಿಯ ದೇವರ ಮನೆಯಲ್ಲಿ, ಅಂದರೆ ಚಿಕ್ಕಪ್ಪನ ಮನೆಯಲ್ಲೇ ಇದೆ. ಅದಕ್ಕೂ ಒಂದು ಚೀಟಿ ಬರೆದುಕೊಟ್ಟು ಬಂದೆ, ಮುಂದೆ ಯಾರಾದರೂ ಮೊಮ್ಮಗ ತಕ್ಕಡಿ ಹಿಡಿದುಕೊಂಡು ಬಂದರೆ ಇರಲಿ ಅಂತ: 'ರಾಮಟಂಕ. ಹಿತ್ತಾಳೆ, ಬೆಳ್ಳಿ ಲೇಪ. ನಾಣ್ಯವಲ್ಲ. ರಾಮೇಶ್ವರ, 1963. ಧನುಷ್ಕೋಟಿಗೆ ರೈಲು ಇದ್ದಾಗ.'

ನಾಲ್ಕು ತಿಂಗಳು ಸರಿಯಾಗಿ ಮಾತಾಡದೇ ಇದ್ದ ಚಿಕ್ಕಪ್ಪ ಮೊನ್ನೆ ತಾವಾಗೇ ಫೋನ್ ಮಾಡಿದರು. ತಂಗಿಯ ಮೊದಲ ಸೆಮಿಸ್ಟರ್ ರಿಸಲ್ಟ್ ಹೇಳೋಕೆ. ಇಡೋಕೆ ಮುಂಚೆ ಅಂದರು:

"ದಿನಾ ಬೆಳಗ್ಗೆ ದೀಪ ಹಚ್ಚುವಾಗ ನಲವತ್ತು ಸಾವಿರ ನನ್ನ ನೋಡಿ ನಗುತ್ತೆ ಕಣೋ."

"ಇನ್ನೂರೈವತ್ತು, ಚಿಕ್ಕಪ್ಪ" ಅಂದೆ.

"ಹೋಗೋ" ಅಂದು ಫೋನ್ ಇಟ್ಟರು.